ಮೇಷ್ಟ್ರನ್ನು ಕೇಳಿ: ನೆಲ ಎಲ್ಲಿಗೆ ಹೊರಟಿದೆ?

ಹೋದ ಸಂಚಿಕೆಯಲ್ಲಿ ಬೇರೇನೋ ಪ್ರಶ್ನೆಗೆ ಉತ್ತರಿಸುತ್ತಾ ಒಂದು ಸಾಲು ಬರೆದಿದ್ದೆ. ಕಾಲ ಕೆಳಗಿನ ನೆಲ ಉಗುರು ಬೆಳೆಯುವಷ್ಟು ನಿಧಾನವಾಗಿ ಸರಿಯುತ್ತಿರುತ್ತದೆ ಅಂತ. ಬರೆದು ಮರೆತೂಬಿಟ್ಟೆ. ಓದುಗರು ಮರೆಯಲಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ. ಹಾಗಾಗಿ ಮಿಕ್ಕ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಅಂಕಣವನ್ನೆಲ್ಲ ಭೂಫಲಕಗಳಿಗೇ ಬಿಟ್ಟುಕೊಟ್ಟಿದ್ದೇನೆ. 33 ವರ್ಷ ಭೂವಿಜ್ಞಾನದ ಪಾಠ ಮಾಡಿದವನಿಗೆ ಇದಕ್ಕಿಂತ ಖುಷಿ ಬೇಕಾ? ಭೂಮಿಯ ಗಟ್ಟಿ ಹೊರಮೈ ಒಡೆದ ಚಿಪ್ಪಿನಂತೆ ದೊಡ್ಡ ದೊಡ್ಡ ತುಂಡುಗಳಾಗಿದೆ, ಆ ಒಂದೊಂದು ತುಂಡೂ ಒಂದು ಭೂಫಲಕ. ಪ್ಲೇಟ್ ಅನ್ನಿ, ಫಲಕ ಅನ್ನಿ, ಎರಡೂ ಒಂದೇ. ಕೈಗೆ ಯಾವುದು ಬರುತ್ತದೋ ಅದನ್ನು ಬರೆಯುತ್ತೇನೆ.

ಪ್ರಶ್ನೆ: ಮೇಷ್ಟ್ರೇ, ಭೂಫಲಕಗಳು ಲಾವಾದ ಮೇಲೆ ತೇಲುತ್ತಿವೆ ಎಂದು ಮಕ್ಕಳಿಗೆ ಹೇಳಿದೆ. ಒಬ್ಬ ಹುಡುಗ ಎದ್ದು ನಿಂತು, "ಹಾಗಾದರೆ ಆಳವಾಗಿ ಬಾವಿ ತೋಡಿದರೆ ಲಾವಾ ಚಿಮ್ಮಬೇಕಲ್ವಾ ಮಿಸ್?" ಎಂದ. ಏನು ಹೇಳಲಿ? (ಒಬ್ಬ ಶಾಲಾ ಶಿಕ್ಷಕಿ)

ಮೊದಲು ಆ ಹುಡುಗನ ಬೆನ್ನು ತಟ್ಟಿ. ಆಮೇಲೆ ಲಾವಾ ಎಂದಿದ್ದು ತಪ್ಪಾಯಿತು ಅಂತ ಒಪ್ಪಿಕೊಂಡುಬಿಡಿ. ಬೇಜಾರು ಮಾಡಿಕೊಳ್ಳಬೇಡಿ. ಇದೇ ತಪ್ಪನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಕರಿಹಲಗೆಯ ಮೇಲೆ ಕಂದು ಬಣ್ಣದ ದೋಣಿಗಳ ಹಾಗೆ ಖಂಡಗಳು, ಅವುಗಳ ಕೆಳಗೆ ಕೆಂಪು ಸೀಮೆಸುಣ್ಣದಲ್ಲಿ ಕುದಿಯುವ ಲಾವಾ. ಚಿತ್ರ ನೋಡಲು ಚೆಂದ, ವಿಷಯ ಮಾತ್ರ ಸುಳ್ಳು.

ನನ್ನನ್ನು ತಿದ್ದಿದ್ದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ವಿದ್ಯಾರ್ಥಿನಿ. ಹಿಂದಿನ ವಾರ ನಾನೇ ಭೂಕಂಪದ ಅಲೆಗಳ ಪಾಠ ಮಾಡಿದ್ದೆ. ಅಲೆಗಳಲ್ಲಿ ಎಸ್ ಅಲೆ ಅಂತ ಒಂದು ಬಗೆ. ಅದು ಮುಂದೆ ಹೋಗುವಾಗ ದಾರಿಯ ಕಲ್ಲನ್ನು ಅಡ್ಡಡ್ಡ ಅಲುಗಿಸುತ್ತದೆ. ದ್ರವದೊಳಗೆ ಈ ಅಲೆ ಸಾಗುವುದೇ ಇಲ್ಲ. ಅವಳು ಕೈ ಎತ್ತಿ ಕೇಳಿದಳು: "ಸರ್, ಫಲಕಗಳ ಕೆಳಗೆಲ್ಲ ದ್ರವವೇ ಇದ್ದರೆ ಎಸ್ ಅಲೆಗಳು ಅಲ್ಲಿ ಹೇಗೆ ದಾಟುತ್ತವೆ?" ನನ್ನ ಕೈಯಲ್ಲಿ ಕೆಂಪು ಸೀಮೆಸುಣ್ಣ ಇನ್ನೂ ಹಾಗೇ ಇತ್ತು. ಸುಮ್ನೆ ಡಸ್ಟರ್ ತೆಗೆದುಕೊಂಡು ಒರೆಸಿದೆ. ಆ ದಿನ ಅದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿರಲಿಲ್ಲ.

ಈಗ ಸರಿಯಾದ ಚಿತ್ರ. ಮೇಲೆ ತೊಗಟೆ. ಅದು ಸಮುದ್ರದ ತಳದಲ್ಲಿ ಸುಮಾರು 7 ಕಿಲೋಮೀಟರ್ ದಪ್ಪ, ಖಂಡಗಳಲ್ಲಿ ಸುಮಾರು 35ರಿಂದ 40. ಅದರ ಕೆಳಗೆ ಮ್ಯಾಂಟಲ್. ಅದು ಸುಮಾರು 2,900 ಕಿಲೋಮೀಟರ್ ಆಳದವರೆಗೂ ಇದೆ, ಮತ್ತು ಅದು ಕಲ್ಲು. ಗಟ್ಟಿ ಕಲ್ಲು. ಅದನ್ನೂ ದಾಟಿದ ಮೇಲೆ ಸಿಗುವ ಹೊರಗರ್ಭದ ಕಬ್ಬಿಣ ಮಾತ್ರ ದ್ರವ. ಎಸ್ ಅಲೆಗಳು ನಿಜವಾಗಿ ನಿಂತುಹೋಗುವುದು ಅಲ್ಲಿ. ಫಲಕ ಎಂದರೆ ಬರೀ ತೊಗಟೆಯೂ ಅಲ್ಲ. ತೊಗಟೆಯ ಜೊತೆಗೆ ಅದಕ್ಕೆ ಅಂಟಿಕೊಂಡ ಮ್ಯಾಂಟಲಿನ ತಣ್ಣಗಿನ ಮೇಲುಪದರವೂ ಸೇರುತ್ತದೆ. ಒಟ್ಟು ದಪ್ಪ ಹೆಚ್ಚುಕಮ್ಮಿ 100 ಕಿಲೋಮೀಟರ್.

ಗಟ್ಟಿ ಕಲ್ಲಿನ ಮೇಲೆ ಗಟ್ಟಿ ಕಲ್ಲು ಸರಿಯುವುದು ಹೇಗೆ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಬರಲೇಬೇಕು. ಒಂದು ಉದ್ದನೆಯ ಮೇಣದಬತ್ತಿ ತೆಗೆದುಕೊಳ್ಳಿ. ಪಟ್ಟನೆ ಬಗ್ಗಿಸಿದರೆ ಮುರಿಯುತ್ತದೆ. ಅದನ್ನೇ ಎರಡು ತುದಿಗೆ ಮಾತ್ರ ಆಸರೆ ಕೊಟ್ಟು, ಬಿಸಿ ಕೋಣೆಯಲ್ಲಿ ಕೆಲವು ವಾರ ಬಿಟ್ಟುಬಿಡಿ. ಕರಗದೆ, ಮುರಿಯದೆ, ನಡು ಬಾಗಿ ಕೂತಿರುತ್ತದೆ. ಮ್ಯಾಂಟಲಿನ ಕಲ್ಲಿನ ಸ್ವಭಾವವೂ ಹೀಗೇ. ಒಂದು ಸಾವಿರ ಡಿಗ್ರಿ ದಾಟಿದ ಬಿಸಿ, ಮೇಲಿನಿಂದ ಭಯಂಕರ ಒತ್ತಡ. ಭೂಕಂಪದ ಅಲೆಗೆ, ಅಂದರೆ ಸೆಕೆಂಡುಗಳ ಲೆಕ್ಕದಲ್ಲಿ, ಅದು ಉಕ್ಕಿನಂತೆ ಗಟ್ಟಿ. ಲಕ್ಷಾಂತರ ವರ್ಷದ ಲೆಕ್ಕದಲ್ಲಿ ಅದು ಹರಿಯುತ್ತದೆ.

ಹರಿಯುತ್ತದೆ ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ಸ್ಕ್ಯಾಂಡಿನೇವಿಯಾ ನೋಡಿ. ಹಿಮಯುಗದಲ್ಲಿ ಅದರ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮ ಕೂತಿತ್ತು. ಆ ಭಾರಕ್ಕೆ ನೆಲ ಕುಸಿದು, ಕೆಳಗಿನ ಕಲ್ಲು ಪಕ್ಕಕ್ಕೆ ಸರಿಯಿತು. ಹಿಮ ಕರಗಿ ಹತ್ತು ಸಾವಿರ ವರ್ಷದ ಹತ್ತಿರ ಆಯಿತು. ಆ ಕಲ್ಲು ಇನ್ನೂ ವಾಪಸು ಬರುತ್ತಲೇ ಇದೆ. ಸ್ವೀಡನ್ ಮತ್ತು ಫಿನ್ಲೆಂಡ್ ನಡುವಿನ ಕೊಲ್ಲಿಯ ತೀರ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಮೇಲೇಳುತ್ತಿದೆ. ಹಳೆಯ ಬಂದರುಗಳು ನೀರಿನಿಂದ ದೂರ ಉಳಿದುಬಿಟ್ಟಿವೆ.

ಇನ್ನು ಹುಡುಗನ ಬಾವಿ. ಅದನ್ನೂ ತೋಡಿ ನೋಡಿದ್ದಾರೆ! ಸೋವಿಯತ್ ಒಕ್ಕೂಟದವರು ಕೋಲಾ ಪರ್ಯಾಯ ದ್ವೀಪದಲ್ಲಿ ಕೊರೆದ ಕೊಳವೆ 1989ರ ಹೊತ್ತಿಗೆ 12,262 ಮೀಟರ್ ಆಳಕ್ಕೆ ಇಳಿದಿತ್ತು. ಅಲ್ಲಿ ಸಿಕ್ಕಿದ್ದು 180 ಡಿಗ್ರಿ ಬಿಸಿಯ ಕಲ್ಲು. ಲಾವಾ ಒಂದು ಹನಿಯೂ ಇಲ್ಲ. ಹಾಗೆ ನೋಡಿದರೆ ಅಲ್ಲಿನ ತೊಗಟೆಯ ಅರ್ಧ ದಪ್ಪವನ್ನೂ ಆ ಕೊಳವೆ ದಾಟಿರಲಿಲ್ಲ.

ಪ್ರಶ್ನೆ: ಮತ್ತೆ ಜ್ವಾಲಾಮುಖಿಯ ಲಾವಾ ಎಲ್ಲಿಂದ ಬರುತ್ತದೆ? (ಅದೇ ಶಿಕ್ಷಕಿ, ಪತ್ರದ ಕೊನೆಯಲ್ಲಿ)

ಕೆಲವೇ ಜಾಗಗಳಲ್ಲಿ, ಆಗಿಂದಾಗ್ಗೆ ತಯಾರಾಗುತ್ತದೆ. ಫಲಕಗಳು ಬೇರೆಯಾಗುವ ಕಡೆ ಕೆಳಗಿನ ಬಿಸಿ ಕಲ್ಲು ಮೇಲೆ ಬರುತ್ತದೆ. ಒತ್ತಡ ಇಳಿದಂತೆ ಅದರ ಒಂದು ಸಣ್ಣ ಪಾಲು ಕರಗುತ್ತದೆ. ಬೆಂಕಿ ಜಾಸ್ತಿ ಮಾಡಬೇಕಿಲ್ಲ, ಒತ್ತಡ ಕಡಿಮೆಯಾದರೆ ಸಾಕು. ಒಂದು ಫಲಕ ಇನ್ನೊಂದರ ಅಡಿಗೆ ಮುಳುಗುವ ಕಡೆ ಕತೆ ಬೇರೆ. ಮುಳುಗುವ ಫಲಕ ತನ್ನ ಖನಿಜಗಳಲ್ಲಿ ನೀರನ್ನು ಹೊತ್ತೊಯ್ಯುತ್ತದೆ. ಸುಮಾರು 100 ಕಿಲೋಮೀಟರ್ ಆಳದಲ್ಲಿ ಆ ನೀರು ಬಿಟ್ಟುಕೊಂಡು ಮೇಲಿನ ಕಲ್ಲಿಗೆ ಸೇರುತ್ತದೆ. ನೀರು ಸೇರಿದ ಕಲ್ಲು ಕಡಿಮೆ ಬಿಸಿಗೇ ಕರಗುತ್ತದೆ. ಶಾಂತಸಾಗರದ ಸುತ್ತ ಉಂಗುರದ ಹಾಗೆ ಜ್ವಾಲಾಮುಖಿಗಳಿವೆಯಲ್ಲ, ಅವುಗಳ ಹಿಂದಿರುವುದು ಈ ನೀರು. ಬೆಂಕಿಯ ಬೆಟ್ಟ ಹುಟ್ಟುವುದು ನೀರಿನಿಂದ ಎಂದರೆ ಮಕ್ಕಳು ನಂಬುವುದಿಲ್ಲ. ಹೇಳಿ ನೋಡಿ.

ಪ್ರಶ್ನೆ: ಅಷ್ಟು ದೊಡ್ಡ ಫಲಕಗಳನ್ನು ತಳ್ಳುವವರು ಯಾರು? (ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ)

ತಳ್ಳುವುದಕ್ಕಿಂತ ಎಳೆಯುವುದು ಜಾಸ್ತಿ. ಭೂಮಿಯೊಳಗೆ ಹುಟ್ಟಿದಾಗಿನ ಬಿಸಿ ಇನ್ನೂ ಉಳಿದಿದೆ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಕೊಡುವ ಬಿಸಿಯೂ ಅದಕ್ಕೆ ಸೇರುತ್ತಿದೆ. ಆ ಬಿಸಿ ಹೊರಗೆ ಹೋಗಬೇಕು. ಮ್ಯಾಂಟಲ್ ನಿಧಾನವಾಗಿ ಮಗುಚುತ್ತಿರುವುದು ಅದಕ್ಕಾಗಿಯೇ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಕೆಳಗಿನ ಕಲ್ಲು ಕನ್ವೇಯರ್ ಬೆಲ್ಟಿನಂತೆ ತಿರುಗುತ್ತದೆ, ಮೇಲೆ ಫಲಕ ಸುಮ್ನೆ ಕೂತು ಸವಾರಿ ಮಾಡುತ್ತದೆ ಎನ್ನುವ ಚಿತ್ರ ಬರೆದು ಮುಗಿಸುತ್ತವೆ. ನನಗೆ ಆ ಚಿತ್ರ ಅಷ್ಟು ಇಷ್ಟವಿಲ್ಲ. ಫಲಕ ಬರೀ ಸವಾರ ಅಲ್ಲ. ಆ ಮಗುಚಾಟದ ತಣ್ಣಗಾದ ಮೇಲುಭಾಗವೇ ಅದು.

ಹೊದಿಕೆ ಮಂಚದಿಂದ ಜಾರುವುದನ್ನು ನೋಡಿದ್ದೀರಲ್ಲ? ಮೊದಲು ಒಂದು ತುದಿ ಅಂಚಿನಿಂದ ಕೆಳಗೆ ಇಳಿಬೀಳುತ್ತದೆ. ಇಳಿಬಿದ್ದಷ್ಟೂ ಭಾರ ಜಾಸ್ತಿ. ಕೊನೆಗೆ ಇಡೀ ಹೊದಿಕೆ ಅದರ ಹಿಂದೆ ಹೊರಡುತ್ತದೆ. ಸಮುದ್ರ ತಳದ ಫಲಕವೂ ಹಾಗೆ. ಹುಟ್ಟುವಾಗ ಬಿಸಿ, ಹಗುರ. ಕೋಟ್ಯಂತರ ವರ್ಷ ತಣ್ಣಗಾಗುತ್ತಾ ಹೋದಂತೆ ದಪ್ಪವಾಗುತ್ತದೆ, ಭಾರವಾಗುತ್ತದೆ. ಕಂದಕದಲ್ಲಿ, ಅಂದರೆ ಒಂದು ಫಲಕ ಇನ್ನೊಂದರ ಅಡಿಗೆ ಇಳಿಯುವ ಕಡೆ ಸಮುದ್ರ ತಳದಲ್ಲಿರುವ ಆಳವಾದ ತಗ್ಗಿನಲ್ಲಿ, ಮುಳುಗಲು ಶುರುವಾದ ಮೇಲೆ ಆಳದ ಒತ್ತಡಕ್ಕೆ ಅದರ ಬಸಾಲ್ಟ್ ಕಲ್ಲು ಇನ್ನೂ ಸಾಂದ್ರವಾದ ಎಕ್ಲೊಗೈಟ್ ಎಂಬ ಕಲ್ಲಾಗಿ ಬದಲಾಗುತ್ತದೆ. ಆಗ ಎಳೆತ ಮತ್ತೂ ಜೋರು.

ಇದಕ್ಕೆ ಪುರಾವೆ ಫಲಕಗಳ ವೇಗದಲ್ಲೇ ಇದೆ. ಶಾಂತಸಾಗರದ ಫಲಕದ ಅಂಚಿನ ದೊಡ್ಡ ಭಾಗ ಕಂದಕಗಳಲ್ಲಿ ಮುಳುಗುತ್ತಿದೆ. ಹವಾಯಿಯ ಹತ್ತಿರ ಅದು ವರ್ಷಕ್ಕೆ 7 ಸೆಂಟಿಮೀಟರಿಗೂ ಜಾಸ್ತಿ ಓಡುತ್ತದೆ. ಅಟ್ಲಾಂಟಿಕ್ ಅಂಚಿನಲ್ಲಿ ಕಂದಕಗಳು ಇಲ್ಲವೆನ್ನುವಷ್ಟು ಕಡಿಮೆ. ಅದು ಅಗಲವಾಗುವುದು ವರ್ಷಕ್ಕೆ ಎರಡೂವರೆ ಸೆಂಟಿಮೀಟರಿನ ಹತ್ತಿರ, ಅಷ್ಟೇ. ಕೊಲಂಬಸ್ 1492ರಲ್ಲಿ ದಾಟಿದ ಸಮುದ್ರ ಇವತ್ತು ಸುಮಾರು 13 ಮೀಟರ್ ಜಾಸ್ತಿ ಅಗಲ.

ಪ್ರಶ್ನೆ: ವೆಗನರ್ ಎಂಬ ವಿಜ್ಞಾನಿ ಖಂಡಗಳು ಚಲಿಸುತ್ತವೆ ಎಂದಾಗ ಎಲ್ಲರೂ ನಕ್ಕರಂತೆ. ಆ ಅವಮಾನದಲ್ಲೇ ಪ್ರಾಣ ಬಿಟ್ಟರು ಎಂದು ಒಂದು ವಿಡಿಯೊದಲ್ಲಿ ನೋಡಿದೆ. ನಿಜವೇ? ದೊಡ್ಡ ವಿಜ್ಞಾನಿಗಳೂ ಅಷ್ಟು ಮೂರ್ಖರಾಗಿದ್ದರಾ? (ಒಬ್ಬ ನಿವೃತ್ತ ಬ್ಯಾಂಕ್ ನೌಕರರು)

ನಕ್ಕಿದ್ದು ನಿಜ. ಮಿಕ್ಕಿದ್ದು ಕತೆ.

ಆಲ್ಫ್ರೆಡ್ ವೆಗನರ್ ಜರ್ಮನಿಯವರು, ಹವಾಮಾನ ವಿಜ್ಞಾನಿ. ಖಂಡಗಳೆಲ್ಲ ಒಂದು ಕಾಲಕ್ಕೆ ಒಟ್ಟಿಗಿದ್ದವು ಎಂದು 1912ರಲ್ಲಿ ಭಾಷಣ ಮಾಡಿದರು, 1915ರಲ್ಲಿ ಪುಸ್ತಕ ಬರೆದರು. ಬ್ರೆಜಿಲ್ ಮತ್ತು ಆಫ್ರಿಕಾದ ತೀರಗಳು ಹೊಂದುತ್ತವೆ ಎಂಬುದಷ್ಟೇ ಅವರ ವಾದವಲ್ಲ. ಮೆಸೊಸಾರಸ್ ಎನ್ನುವ ಪುಟ್ಟ ಸರೀಸೃಪದ ಪಳೆಯುಳಿಕೆ ದಕ್ಷಿಣ ಅಮೆರಿಕದಲ್ಲೂ ಆಫ್ರಿಕಾದ ದಕ್ಷಿಣದಲ್ಲೂ ಸಿಗುತ್ತದೆ. ಅದು ಅಟ್ಲಾಂಟಿಕ್ ಈಜಿ ದಾಟುವ ಪ್ರಾಣಿ ಅಲ್ಲವೇ ಅಲ್ಲ. ಈಗ ಸುಡುವ ಬಿಸಿಲಿರುವ ನಾಡುಗಳ ಕಲ್ಲುಗಳಲ್ಲಿ ಹಿಮನದಿ ಗೀಚಿದ ಗುರುತುಗಳಿವೆ. ಇವೆಲ್ಲ ಅವರ ಸಾಕ್ಷಿಗಳು.

ಹಾಗಾದರೆ ಯಾಕೆ ಒಪ್ಪಲಿಲ್ಲ? ಖಂಡಗಳನ್ನು ಸರಿಸುವ ಶಕ್ತಿ ಯಾವುದು ಎಂದಾಗ ವೆಗನರ್ ಕೊಟ್ಟ ಉತ್ತರ ಸೋತಿತು. ಭೂಮಿ ತಿರುಗುವುದರಿಂದ ಹುಟ್ಟುವ ಬಲ ಮತ್ತು ಚಂದ್ರ, ಸೂರ್ಯರ ಸೆಳೆತ ಎಂದರು. ಲೆಕ್ಕ ಹಾಕಿದವರಿಗೆ ಆ ಬಲಗಳು ಏನೇನೂ ಸಾಲವು ಎಂದು ಗೊತ್ತಾಯಿತು. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಹತ್ತು ಮೀಟರಿಗೂ ಜಾಸ್ತಿ ಸರಿಯುತ್ತಿದೆ ಎಂದೂ ಬರೆದಿದ್ದರು. ನಿಜವಾದ ವೇಗ ಅದರ ನೂರನೇ ಒಂದು ಪಾಲೂ ಇಲ್ಲ. ಖಂಡಗಳು ಸಮುದ್ರ ತಳವನ್ನು ಉಳುತ್ತಾ ಹೋಗುತ್ತವೆ ಎನ್ನುವ ಚಿತ್ರವೂ ತಪ್ಪೇ. ವಿರೋಧಿಸಿದವರಲ್ಲಿ ಹಟಮಾರಿಗಳೂ ಇದ್ದರು, ಸರಿಯಾದ ಪ್ರಶ್ನೆ ಕೇಳಿದವರೂ ಇದ್ದರು. ಎಲ್ಲರನ್ನೂ ಒಟ್ಟಿಗೆ ಮೂರ್ಖರ ಸಾಲಿಗೆ ಸೇರಿಸುವುದು ವಿಡಿಯೊ ಮಾಡುವವರಿಗೆ ಸುಲಭ.

ವೆಗನರ್ ಸತ್ತದ್ದು ಕೊರಗಿ ಅಲ್ಲ, ಕೆಲಸ ಮಾಡುತ್ತಾ. ಗ್ರೀನ್‌ಲ್ಯಾಂಡಿನ ಹಿಮದ ನಟ್ಟನಡುವೆ ಅವರ ತಂಡದ ಒಂದು ನೆಲೆ ಇತ್ತು. ಚಳಿಗಾಲಕ್ಕೆ ಮುಂಚೆ ಅಲ್ಲಿಗೆ ಸಾಮಾನು ಮುಟ್ಟಿಸಲು ಹೋದರು. 1930ರ ನವೆಂಬರ್ 1ಕ್ಕೆ ಅವರಿಗೆ 50 ತುಂಬಿತು. ಅದೇ ದಿನ ರಾಸ್ಮಸ್ ವಿಲ್ಲುಮ್ಸೆನ್ ಎಂಬ ಗ್ರೀನ್‌ಲ್ಯಾಂಡಿನ ಯುವಕನ ಜೊತೆ ವಾಪಸು ಹೊರಟರು. ಇಬ್ಬರೂ ತೀರ ತಲುಪಲಿಲ್ಲ. ಮುಂದಿನ ಮೇ ತಿಂಗಳಲ್ಲಿ ವೆಗನರ್ ದೇಹ ಸಿಕ್ಕಿತು. ಜೋಪಾನವಾಗಿ ಹೊದಿಕೆ ಹೊಲಿದು, ಹಿಮದಲ್ಲಿ ಹೂತು, ಗುರುತಿಗೆ ಹಿಮಜಾರು ಹಲಗೆಗಳನ್ನು ನೆಟ್ಟಿದ್ದರು. ಅಷ್ಟೆಲ್ಲ ಮಾಡಿದ ವಿಲ್ಲುಮ್ಸೆನ್ ಎಲ್ಲಿ ಬಿದ್ದನೋ, ಇವತ್ತಿಗೂ ಪತ್ತೆಯಿಲ್ಲ. ವೆಗನರ್ ಕತೆ ಹೇಳುವವರು ಈ ಹುಡುಗನ ಹೆಸರು ಬಿಟ್ಟುಬಿಡುತ್ತಾರೆ. ನನಗೆ ಬೇಸರವಾಗುವುದು ಅದಕ್ಕೆ.

ಈಗ ನನ್ನದೇ ಒಂದು ಪ್ರಸಂಗ. 1960ರ ದಶಕದ ಕೊನೆ, ನಾನು ಬಿಎಸ್‌ಸಿ ವಿದ್ಯಾರ್ಥಿ. ನಮ್ಮ ಪುಸ್ತಕದಲ್ಲಿ ಬೆಟ್ಟಗಳು ಹುಟ್ಟುವುದಕ್ಕೆ ಕೊಟ್ಟ ಕಾರಣವೇ ಬೇರೆ. ಭೂಮಿ ತಣ್ಣಗಾಗುತ್ತಾ ಕುಗ್ಗುತ್ತದೆ, ಒಣಗಿದ ಸೇಬಿನ ಸಿಪ್ಪೆಯಂತೆ ಸುಕ್ಕು ಬೀಳುತ್ತದೆ, ಆ ಸುಕ್ಕೇ ಬೆಟ್ಟ. ನಾನು ಗ್ರಂಥಾಲಯದಲ್ಲಿ ಒಂದು ಹೊಸ ಪತ್ರಿಕೆ ಓದಿ, ಉತ್ಸಾಹದಲ್ಲಿ ಪರೀಕ್ಷೆಯಲ್ಲಿ ಖಂಡಗಳ ಚಲನೆಯ ಬಗ್ಗೆ ಎರಡು ಪುಟ ಬರೆದೆ. ಪೇಪರ್ ತಿದ್ದಿದವರು ಎರಡೂ ಪುಟಕ್ಕೆ ಅಡ್ಡಗೀಟು ಎಳೆದು, ಅಂಚಿನಲ್ಲಿ "ಕಲ್ಪನೆ" ಎಂದು ಬರೆದಿದ್ದರು. ಸೊನ್ನೆ. ಹತ್ತು ವರ್ಷ ಕಳೆದ ಮೇಲೆ ಅದೇ ಎರಡು ಪುಟವನ್ನು ನಾನು ಪಾಠವಾಗಿ ಓದಿಸುತ್ತಿದ್ದೆ. ಸಿಟ್ಟು ಈಗಿಲ್ಲ. ಅವರು ಓದಿದ ಪುಸ್ತಕದ ಪ್ರಕಾರ ಅವರು ಸರಿ.

ನಾನು ಓದಿದ ಆ ಪತ್ರಿಕೆಯ ಹಿಂದೆ ದೊಡ್ಡ ಕೆಲಸ ನಡೆದಿತ್ತು. ಉತ್ತರ ಸಿಕ್ಕಿದ್ದು ಖಂಡಗಳಲ್ಲಿ ಅಲ್ಲ, ಸಮುದ್ರದ ತಳದಲ್ಲಿ. ಅಮೆರಿಕದ ಮೇರಿ ಥಾರ್ಪ್ ಅವರ ಕೆಲಸ, ಹಡಗುಗಳು ಶಬ್ದದ ಪ್ರತಿಧ್ವನಿಯಿಂದ ಅಳೆದು ತಂದ ಆಳದ ಲೆಕ್ಕಗಳನ್ನು ನಕ್ಷೆಯಾಗಿ ಬರೆಯುವುದು. ಹಡಗಿಗೆ ಮಾತ್ರ ಹೆಂಗಸರನ್ನು ಹತ್ತಿಸುತ್ತಿರಲಿಲ್ಲ. 1950ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್ ನಡುವಿನ ಪರ್ವತಸಾಲಿನ ನೆತ್ತಿಯಲ್ಲಿ ಒಂದು ಸೀಳು ಅವರ ಕಣ್ಣಿಗೆ ಬಿತ್ತು. ಸಾಲಿನುದ್ದಕ್ಕೂ ಅದೇ ಸೀಳು. ಅಂದರೆ ಅಲ್ಲಿ ನೆಲ ಬಿರಿಯುತ್ತಿದೆ. ಜೊತೆ ಕೆಲಸ ಮಾಡುತ್ತಿದ್ದ ಬ್ರೂಸ್ ಹೀಜನ್ ಇದನ್ನು ಹುಡುಗಿಯರ ಹರಟೆ ಎಂದು ತಳ್ಳಿಹಾಕಿದರು. ಪಕ್ಕದ ಮೇಜಿನಲ್ಲಿ ಹೊವರ್ಡ್ ಫಾಸ್ಟರ್ ಎಂಬವರು ಸಮುದ್ರದಡಿಯ ಕೇಬಲ್ಲುಗಳ ಸಲುವಾಗಿ ಭೂಕಂಪಗಳ ಜಾಗಗಳನ್ನು ಗುರುತಿಸುತ್ತಿದ್ದರು. ಎರಡು ನಕ್ಷೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಭೂಕಂಪಗಳೆಲ್ಲ ಥಾರ್ಪ್ ಅವರ ಸೀಳಿನೊಳಗೇ ಸಾಲಾಗಿ ಕೂತಿದ್ದವು! ಆಮೇಲೆ ಹೀಜನ್ ಬಾಯಿ ಬಂದ್.

ಆಮೇಲೆ ಎಲ್ಲ ಬೇಗ ನಡೆಯಿತು. ಆ ಸೀಳಿನಲ್ಲಿ ಹೊಸ ತಳ ಹುಟ್ಟಿ ಎರಡೂ ಕಡೆ ಸರಿಯುತ್ತದೆ, ಹಳೆಯದು ಕಂದಕಗಳಲ್ಲಿ ಒಳಗಿಳಿಯುತ್ತದೆ ಎಂದು ಅಮೆರಿಕದ ಭೂವಿಜ್ಞಾನಿ ಹ್ಯಾರಿ ಹೆಸ್ 1962ರಲ್ಲಿ ಬರೆದರು. ಮರುವರ್ಷ ಬ್ರಿಟನ್ನಿನ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಅದಕ್ಕೆ ಪುರಾವೆ ತೋರಿಸುವ ದಾರಿ ಹೇಳಿದರು. ಭೂಮಿಯ ಕಾಂತಕ್ಷೇತ್ರ ಆಗಾಗ ತಲೆಕೆಳಗಾಗುತ್ತದೆ, ಅಂದರೆ ಅದರ ಉತ್ತರ, ದಕ್ಷಿಣ ಧ್ರುವಗಳು ಅದಲುಬದಲಾಗುತ್ತವೆ. ಕೊನೆಯ ಸಲ ಆದದ್ದು ಸುಮಾರು 7.8 ಲಕ್ಷ ವರ್ಷದ ಹಿಂದೆ. ಲಾವಾ ತಣ್ಣಗಾಗುವಾಗ ಆ ಹೊತ್ತಿನ ದಿಕ್ಕು ಕಲ್ಲಿನಲ್ಲಿ ಅಚ್ಚಾಗಿ ಉಳಿಯುತ್ತದೆ. ಸಮುದ್ರ ತಳ ನಡುವಿನಿಂದ ಎರಡೂ ಕಡೆ ಸರಿಯುತ್ತಿದ್ದರೆ ಒಂದು ಪಟ್ಟೆ ನೆಟ್ಟಗೆ, ಮುಂದಿನದು ತಲೆಕೆಳಗೆ ಎಂದು ಅಚ್ಚಾಗಿ, ಎಡಕ್ಕೂ ಬಲಕ್ಕೂ ಒಂದೇ ತರಹದ ಪಟ್ಟೆಗಳಿರಬೇಕು. ಇವೆ, ಕನ್ನಡಿಯಲ್ಲಿ ಕಂಡ ಹಾಗೆ. ಕೆನಡಾದ ಲಾರೆನ್ಸ್ ಮಾರ್ಲಿ ಇದನ್ನೇ ಸ್ವತಂತ್ರವಾಗಿ ಬರೆದು ಕಳಿಸಿದ್ದರು, ಎರಡು ಪತ್ರಿಕೆಗಳು ವಾಪಸು ಮಾಡಿದವು. ಪಾರ್ಟಿಯಲ್ಲಿ ಹರಟಲು ಚೆನ್ನಾಗಿದೆ ಎನ್ನುವ ಅರ್ಥದ ಮಾತನ್ನು ಒಬ್ಬ ಪರಿಶೀಲಕರು ಬರೆದಿದ್ದರಂತೆ. ನನ್ನ "ಕಲ್ಪನೆ" ಎಷ್ಟೋ ವಾಸಿ.

ಪ್ರಶ್ನೆ: ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ಎನ್ನುತ್ತೀರಿ. ಯಾರು, ಯಾವ ಟೇಪ್ ಹಿಡಿದು ಅಳೆದರು? (ಒಬ್ಬ ಸರ್ವೆ ನೌಕರ)

ನಿಮ್ಮ ವೃತ್ತಿಯವರೇ! ಕಲ್ಲಿಗೆ ಭದ್ರವಾಗಿ ಕೂರಿಸಿದ ಜಿಪಿಎಸ್ ರಿಸೀವರುಗಳು ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಂತು ಅಳೆಯುತ್ತವೆ. ಅದಕ್ಕೂ ಮೊದಲು, ಬೇರೆ ಬೇರೆ ಖಂಡಗಳಲ್ಲಿದ್ದ ರೇಡಿಯೊ ದೂರದರ್ಶಕಗಳು ಕ್ವೇಸಾರ್ ಎಂಬ ಬಹುದೂರದ ಆಕಾಶಕಾಯಗಳನ್ನು ಒಟ್ಟಿಗೆ ಗಮನಿಸಿ, ತಮ್ಮ ನಡುವಿನ ದೂರ ಬದಲಾಗುವುದನ್ನು ಅಳೆದಿದ್ದವು.

ನಿಮಗೆ ಇಷ್ಟವಾಗುವ ಉದಾಹರಣೆ ಆಸ್ಟ್ರೇಲಿಯಾದ್ದು. ಅದು ವರ್ಷಕ್ಕೆ ಸುಮಾರು 7 ಸೆಂಟಿಮೀಟರಿನಂತೆ ಈಶಾನ್ಯದ ಕಡೆ ಹೊರಟಿದೆ. ಅವರ ಸರ್ವೆ ನಕ್ಷೆಗಳ ಅಕ್ಷಾಂಶ, ರೇಖಾಂಶಗಳನ್ನು 1994ರ ಲೆಕ್ಕಕ್ಕೆ ಕಟ್ಟಿಹಾಕಿದ್ದರು. 2020ರ ಹೊತ್ತಿಗೆ ದೇಶ 1.8 ಮೀಟರ್ ಮುಂದೆ ಹೋಗಿಬಿಟ್ಟಿತ್ತು. ನಕ್ಷೆ ಹಿಂದೆ, ದೇಶ ಮುಂದೆ. ಕೊನೆಗೆ ಎಲ್ಲ ಅಂಕಿಗಳನ್ನೂ ತಿದ್ದಿ 2020ಕ್ಕೆ ಹೊಂದಿಸಿದರು. ಅಷ್ಟು ದೊಡ್ಡ ಖಂಡದ ಮೂಲೆಗಲ್ಲುಗಳೆಲ್ಲ ಒಟ್ಟಿಗೆ ಸರಿದಿವೆ ಎಂದರೆ ಸರ್ವೆಯವರ ಪಾಡು ಹೇಗಿರಬೇಕು, ನೀವೇ ಹೇಳಿ.

ಪ್ರಶ್ನೆ: ಕ್ಯಾಲಿಫೋರ್ನಿಯಾ ಮುರಿದು ಸಮುದ್ರಕ್ಕೆ ಬೀಳುತ್ತದಂತೆ, ಹೌದಾ?

ಇಲ್ಲ. ಅಲ್ಲಿ ಎರಡು ಫಲಕಗಳು ಒಂದರ ಪಕ್ಕ ಒಂದು ಉಜ್ಜಿಕೊಂಡು ಸರಿಯುತ್ತಿವೆ. ಬೀಳುವ ಮಾತೇ ಇಲ್ಲ. 1906ರ ಭೂಕಂಪದಲ್ಲಿ ಸ್ಯಾನ್ ಆಂಡ್ರಿಯಾಸ್ ಬಿರುಕಿನ ಎರಡು ಬದಿಗಳು ಕೆಲವು ಕಡೆ 6 ಮೀಟರಿನಷ್ಟು ಸರಿದವು. ನೇರ ಇದ್ದ ಬೇಲಿಗಳು ತುಂಡಾಗಿ ಪಕ್ಕಪಕ್ಕ ನಿಂತವು. ಹೀಗೇ ನಡೆದರೆ ಒಂದೂವರೆ ಎರಡು ಕೋಟಿ ವರ್ಷದಲ್ಲಿ ಲಾಸ್ ಏಂಜಲೀಸ್ ಸ್ಯಾನ್ ಫ್ರಾನ್ಸಿಸ್ಕೋದ ಪಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಫಲಕಗಳು ಅಷ್ಟು ನಿಧಾನ ಎಂದಮೇಲೆ ಭೂಕಂಪ ಯಾಕೆ ಅಷ್ಟು ದಿಢೀರ್? (ಒಬ್ಬ ಕಾಲೇಜು ವಿದ್ಯಾರ್ಥಿನಿ)

ಫಲಕದ ನಡುಭಾಗ ಸರಾಗವಾಗಿ ಸಾಗುತ್ತಿರುತ್ತದೆ. ಅಂಚು ಮಾತ್ರ ಪಕ್ಕದ ಫಲಕಕ್ಕೆ ಸಿಕ್ಕಿಕೊಂಡು ನಿಂತಿರುತ್ತದೆ. ಹಿಂದಿನಿಂದ ಒತ್ತಡ ಬರುತ್ತಲೇ ಇರುತ್ತದೆ. ಕಲ್ಲು ಬಿಲ್ಲಿನಂತೆ ಬಾಗುತ್ತದೆ. ನೂರು, ಇನ್ನೂರು, ಐನೂರು ವರ್ಷ. ಒಂದು ದಿನ ಹಿಡಿತ ತಪ್ಪುತ್ತದೆ. ಅಷ್ಟೂ ವರ್ಷದ ಸಾಲವನ್ನು ನಿಮಿಷಗಳಲ್ಲಿ ತೀರಿಸುತ್ತದೆ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಆದದ್ದು ಇದೇ. ತೀರದ ಒಂದು ಕಡೆ ನೆಲ 5 ಮೀಟರಿಗೂ ಜಾಸ್ತಿ ಪೂರ್ವಕ್ಕೆ ಜಿಗಿಯಿತು. ಕಂದಕದ ಹತ್ತಿರ ಸಮುದ್ರದ ತಳ ಸುಮಾರು 50 ಮೀಟರ್ ಸರಿಯಿತು. ಸುನಾಮಿ ಎದ್ದದ್ದು ಅದರಿಂದ.

ಈ ಸಾಲದ ಹಳೆಯ ಲೆಕ್ಕ ಹುಡುಕುವುದೂ ಒಂದು ಪತ್ತೇದಾರಿ ಕೆಲಸ. 1700ರ ಜನವರಿಯಲ್ಲಿ ಜಪಾನಿನ ತೀರಕ್ಕೆ ಒಂದು ಸುನಾಮಿ ಬಡಿಯಿತು. ಅಲ್ಲಿ ಭೂಕಂಪವೇ ಆಗಿರಲಿಲ್ಲ. ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಾಗಲಿಲ್ಲ, ಊರಿನವರು ದಾಖಲೆಯಲ್ಲಿ ಬರೆದಿಟ್ಟರು. ಇತ್ತ ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ಸತ್ತು ನಿಂತ ದೇವದಾರು ಜಾತಿಯ ಮರಗಳ ಕಾಡು ಇದೆ. ಅಲ್ಲಿ ಒಂದು ದೊಡ್ಡ ಭೂಕಂಪಕ್ಕೆ ನೆಲ ಕುಸಿದು, ಉಪ್ಪುನೀರು ನುಗ್ಗಿ, ಮರಗಳು ನಿಂತಲ್ಲೇ ಸತ್ತಿದ್ದವು. ಉಂಗುರಗಳನ್ನು ಎಣಿಸಿದಾಗ ಅವು ಸತ್ತದ್ದು 1699ರ ಬೇಸಿಗೆಯ ನಂತರ, 1700ರ ಬೇಸಿಗೆಗೆ ಮೊದಲು ಎಂದು ಗೊತ್ತಾಯಿತು. ಜಪಾನಿನ ದಾಖಲೆಯಿಂದ ಅಲೆಯ ಪ್ರಯಾಣದ ಹೊತ್ತನ್ನು ಕಳೆದರೆ 1700ರ ಜನವರಿ 26ರ ರಾತ್ರಿ ಬರುತ್ತದೆ. ಶಾಂತಸಾಗರದ ಒಂದು ದಡದ ಸತ್ತ ಮರ, ಇನ್ನೊಂದು ದಡದ ಹಳೆಯ ಕಡತ, ಎರಡೂ ಸೇರಿ ಒಂದೇ ರಾತ್ರಿಯನ್ನು ತೋರಿಸಿದವು. ನನಗೆ ಇಡೀ ಭೂವಿಜ್ಞಾನದಲ್ಲಿ ಇದಕ್ಕಿಂತ ಇಷ್ಟವಾದ ಕತೆ ಇಲ್ಲ.

ಮುಂದಿನದು ಯಾವತ್ತು ಎಂದು ತಾರೀಖು ಹೇಳಲು ಯಾರಿಂದಲೂ ಆಗುವುದಿಲ್ಲ. ಹೇಳಿದವರನ್ನು ನಂಬಬೇಡಿ.

ಪ್ರಶ್ನೆ: ಎವರೆಸ್ಟ್ ತುದಿಯಲ್ಲಿ ಸಮುದ್ರ ಜೀವಿಗಳು ಸಿಗುತ್ತವಂತೆ. ಅಷ್ಟು ಎತ್ತರಕ್ಕೆ ಸಮುದ್ರ ಬಂದಿತ್ತೇ? ಅದು ಹೀಗೇ ಬೆಳೆಯುತ್ತಾ ಹೋದರೆ ಎಷ್ಟು ಎತ್ತರವಾಗಬಹುದು? (ಒಬ್ಬ ಚಾರಣಿಗರು)

ಸಮುದ್ರ ಮೇಲೆ ಹೋಗಲಿಲ್ಲ, ಸಮುದ್ರದ ತಳ ಮೇಲೆ ಬಂತು. ತುದಿಯ ಕಲ್ಲು ಸುಣ್ಣದ ಕಲ್ಲು. 45 ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಕೂತ ಕೆಸರು ಅದು. ಅದರಲ್ಲಿ ಟ್ರೈಲೊಬೈಟ್, ಕ್ರೈನಾಯ್ಡ್ ಎಂಬ ಜೀವಿಗಳ ಚೂರುಗಳು ಸಿಗುತ್ತವೆ.

ಭಾರತದ ಫಲಕ ದಕ್ಷಿಣದ ಖಂಡಗಳಿಂದ ಬಿಡಿಸಿಕೊಂಡು ಉತ್ತರಕ್ಕೆ ಬಂದದ್ದು ವಿಪರೀತ ವೇಗದಲ್ಲಿ. ಒಂದು ಕಾಲಕ್ಕೆ ವರ್ಷಕ್ಕೆ 15 ಸೆಂಟಿಮೀಟರಿನ ಆಸುಪಾಸು. ನಡುವೆ ಟೆಥಿಸ್ ಎಂಬ ಸಾಗರ ಇತ್ತು. ಅದರ ತಳವೆಲ್ಲ ಏಷ್ಯಾದ ಅಡಿಗೆ ಮುಳುಗಿತು. ಸುಮಾರು 5 ಕೋಟಿ ವರ್ಷದ ಹಿಂದೆ ಖಂಡಕ್ಕೆ ಖಂಡ ಡಿಕ್ಕಿ ಹೊಡೆಯಿತು. ಖಂಡದ ಕಲ್ಲು ಹಗುರ, ಸುಲಭವಾಗಿ ಮುಳುಗುವುದಿಲ್ಲ. ಮಡಿಚಿತು, ಒಂದರ ಮೇಲೊಂದು ಪೇರಿಕೊಂಡಿತು. ಟಿಬೆಟ್ ಅಡಿಯಲ್ಲಿ ತೊಗಟೆ ಈಗ ಸುಮಾರು 70 ಕಿಲೋಮೀಟರ್ ದಪ್ಪ, ಬೇರೆ ಕಡೆಯ ಎರಡರಷ್ಟು. ತಳ್ಳಾಟ ಇನ್ನೂ ನಿಂತಿಲ್ಲ. ವರ್ಷಕ್ಕೆ ಸುಮಾರು 2 ಸೆಂಟಿಮೀಟರನ್ನು ಹಿಮಾಲಯವೇ ನುಂಗಿಕೊಳ್ಳುತ್ತಿದೆ.

ಎತ್ತರ ಲೆಕ್ಕವಿಲ್ಲದೆ ಏರುವುದಿಲ್ಲ. ಹಿಮನದಿ, ಮಳೆ, ಭೂಕುಸಿತ ದಿನವೂ ಕೆತ್ತುತ್ತಿರುತ್ತವೆ. ಬೆಟ್ಟ ತೀರ ಭಾರವಾದರೆ ಬುಡದ ಬಿಸಿ ಕಲ್ಲು ಪಕ್ಕಕ್ಕೆ ಹರಿಯುತ್ತದೆ. ಮೇಣದಬತ್ತಿ ನೆನಪಿದೆಯಲ್ಲ? ಭೂಕಂಪಗಳೂ ಲೆಕ್ಕ ತಿರುವುಮುರುವು ಮಾಡುತ್ತವೆ. 2015ರ ಏಪ್ರಿಲ್ 25ರಂದು ನೇಪಾಳ ನಡುಗಿದಾಗ ಕಠ್ಮಂಡು ಸುತ್ತಿನ ನೆಲ ಒಂದು ಮೀಟರಿನಷ್ಟು ಮೇಲೆದ್ದಿತು, ಉತ್ತರದ ಎತ್ತರದ ಬೆಟ್ಟಗಳ ಒಂದು ಭಾಗ ತುಸು ಕುಸಿಯಿತು. ಎವರೆಸ್ಟಿನ ಈಗಿನ ಅಳತೆ 8,848.86 ಮೀಟರ್. ನೇಪಾಳ ಮತ್ತು ಚೀನಾ ಒಟ್ಟಿಗೆ 2020ರ ಡಿಸೆಂಬರಿನಲ್ಲಿ ಹೇಳಿದ್ದು. ನೀವು ಹತ್ತುವ ಹೊತ್ತಿಗೆ ದಶಮಾಂಶದ ನಂತರದ ಅಂಕಿ ಬದಲಾಗಿದ್ದರೂ ಉಸಿರಾಟಕ್ಕೆ ವ್ಯತ್ಯಾಸ ಗೊತ್ತಾಗಲಿಕ್ಕಿಲ್ಲ.

ಪ್ರಶ್ನೆ: ಹವಾಯಿ ಫಲಕದ ನಟ್ಟನಡುವೆ ಇದೆ. ಅಂಚಲ್ಲದಿದ್ದರೂ ಅಲ್ಲಿ ಜ್ವಾಲಾಮುಖಿ ಯಾಕೆ?

ಒಳ್ಳೆಯ ತಕರಾರು. ಇದಕ್ಕೆ ಉತ್ತರ ಕೊಟ್ಟವರು ಕೆನಡಾದ ಟೂಜೊ ವಿಲ್ಸನ್, 1963ರಲ್ಲಿ. ಕೆಳಗೆ ಒಂದು ಬಿಸಿ ಚುಕ್ಕೆ ಹೆಚ್ಚುಕಮ್ಮಿ ಒಂದೇ ಕಡೆ ನಿಂತಿದೆ, ಮೇಲೆ ಫಲಕ ಸಾಗುತ್ತಿದೆ. ದೀಪದ ಮೇಲೆ ಕಾಗದ ನಿಧಾನವಾಗಿ ಎಳೆದರೆ ಸಾಲಾಗಿ ಸುಟ್ಟ ಕಲೆ ಬೀಳುತ್ತದಲ್ಲ, ಹಾಗೆ. ಈಗ ಉರಿಯುತ್ತಿರುವ ದೊಡ್ಡ ದ್ವೀಪಕ್ಕೆ 10 ಲಕ್ಷ ವರ್ಷವೂ ಆಗಿಲ್ಲ. ವಾಯವ್ಯಕ್ಕಿರುವ ಕೌವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ. ಮುಂದೆ ಮುಳುಗಿದ ಬೆಟ್ಟಗಳ ಸಾಲು. ಸುಮಾರು 4.7 ಕೋಟಿ ವರ್ಷ ಹಳೆಯ ಒಂದು ಜಾಗದಲ್ಲಿ ಆ ಸಾಲು ಮೊಣಕೈಯಂತೆ ಬಾಗಿ ಉತ್ತರಕ್ಕೆ ತಿರುಗುತ್ತದೆ. ಆ ತಿರುವಿಗೆ ಫಲಕ ದಿಕ್ಕು ಬದಲಿಸಿದ್ದು ಕಾರಣವೋ, ಚುಕ್ಕೆಯೇ ಸರಿದದ್ದೋ ಎಂದು ತಜ್ಞರು ಇನ್ನೂ ವಾದಿಸುತ್ತಾರೆ. ನಾನು ಎರಡೂ ಸ್ವಲ್ಪ ಸ್ವಲ್ಪ ಎನ್ನುವ ಪಕ್ಷ.

ಪ್ರಶ್ನೆ: ತಾತಾ, ನನಗೆ 9 ವರ್ಷ. ನಾನು ಮುದುಕಿ ಆಗುವಷ್ಟರಲ್ಲಿ ನೆಲ ನನ್ನನ್ನು ಎಷ್ಟು ದೂರ ಕರೆದುಕೊಂಡು ಹೋಗುತ್ತೆ?

ಪುಟ್ಟಿ, ಈ ತಿಂಗಳ ಅತ್ಯುತ್ತಮ ಪ್ರಶ್ನೆ ನಿನ್ನದೇ. ಲೆಕ್ಕ ಮಾಡೋಣ ಬಾ. ಭಾರತದ ಫಲಕ ವರ್ಷಕ್ಕೆ ಹೆಚ್ಚುಕಮ್ಮಿ 5 ಸೆಂಟಿಮೀಟರ್ ಈಶಾನ್ಯಕ್ಕೆ ಹೋಗುತ್ತದೆ. ನಿನಗೆ 89 ಆಗಲು ಇನ್ನು 80 ವರ್ಷ. 80 ಇಂಟು 5, 400 ಸೆಂಟಿಮೀಟರ್. ಅಂದರೆ 4 ಮೀಟರ್. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು 4 ಮೀಟರ್ ಅಳೆದು ನೋಡು. ನಿನ್ನ ಹೆಜ್ಜೆಯಲ್ಲಿ ಏಳೆಂಟು ಹೆಜ್ಜೆ ಆಗಬಹುದು. ನೀನು ಹುಟ್ಟಿದ ಮೇಲೆ ಆಗಲೇ 45 ಸೆಂಟಿಮೀಟರ್ ಬಂದಾಗಿದೆ. ಅಷ್ಟು ದೂರಕ್ಕೆ ಇನ್ನೊಂದು ಗೆರೆ ಹಾಕು. ಬೇರೆ ಫಲಕದ ಮೇಲಿದ್ದರೆ ಲೆಕ್ಕ ಬೇರೆ. ನನ್ನದು ಈಗಾಗಲೇ ಮೂರು ಮುಕ್ಕಾಲು ಮೀಟರ್ ಮುಗಿದಿದೆ. ಎಷ್ಟು ಹೆಜ್ಜೆ ಬಂತು ಅಂತ ಬರೆದು ಕಳಿಸು, ಕೆಂಪು ಸೀಮೆಸುಣ್ಣ ಮಾತ್ರ ಬೇಡ.